ಬಸುರಿಯ ತಲೆಗೂದಲು: ಹೆದರಿಕೆ ಎಲ್ಲಿ, ಅಪಾಯ ಎಲ್ಲಿ?

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಮೊಗ್ಗಿನ ಜಡೆಗೆ ಮುಂಚೆಯೇ ಹೇಳಿಟ್ಟು ಹೋಗುವವರಲ್ಲಿ ಮದುವೆ ಮನೆಯವರಷ್ಟೇ ಅಲ್ಲ, ಸೀಮಂತದ ಮನೆಯವರೂ ಇರುತ್ತಾರೆ. ಹಸಿರು ಬಳೆ ತೊಡಿಸಿ, ಮಡಿಲು ತುಂಬಿ, ಬೆನ್ನುದ್ದಕ್ಕೂ ಮಲ್ಲಿಗೆ ಮೊಗ್ಗು ಹೆಣೆದ ಜಡೆ ಇಳಿಬಿಟ್ಟು, ಹಿಂದಿನ ಜಡೆಯೂ ಮುಂದಿನ ಮುಖವೂ ಒಟ್ಟಿಗೆ ಕಾಣಲೆಂದು ಬಸುರಿಯನ್ನು ಕನ್ನಡಿಯ ಪಕ್ಕ ಕೂರಿಸಿ ಫೋಟೊ ತೆಗೆಸುವುದು ಹಳೆಯ ವಾಡಿಕೆ. ಅಜ್ಜಿಯ ಕಾಲದ ಕಪ್ಪುಬಿಳುಪು ಚಿತ್ರಗಳಲ್ಲೂ ಇದೇ ಭಂಗಿ, ಈಗಿನ ಮೊಬೈಲಿನಲ್ಲೂ ಇದೇ ಭಂಗಿ.

ಆ ಜಡೆ ಹೆಣೆಯುವ ಹೊತ್ತಿಗೆ ಅವಳ ಕೂದಲು ಸಾಮಾನ್ಯವಾಗಿ ಹಿಂದೆಂದಿಗಿಂತ ದಟ್ಟವಾಗಿರುತ್ತದೆ. ಪ್ರತಿ ಕೂದಲಿಗೂ ಬೆಳೆಯುವ ಕಾಲ, ಸುಮ್ಮನಿರುವ ಕಾಲ, ಉದುರುವ ಕಾಲ ಎಂದಿದೆ. ಮಾಮೂಲಿ ದಿನಗಳಲ್ಲಿ ನೂರಕ್ಕೆ 85ರಿಂದ 90ರಷ್ಟು ಕೂದಲು ಬೆಳೆಯುತ್ತಿರುತ್ತದೆ, ಉಳಿದದ್ದರಲ್ಲಿ ಬಹುಪಾಲು ಸುಮ್ಮನಿರುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಆರೋಗ್ಯವಂತರಲ್ಲೂ ಇದ್ದದ್ದೇ. ಬಸುರಿನಲ್ಲಿ ಈಸ್ಟ್ರೊಜನ್ ಹಾರ್ಮೋನು ಏರುವುದರಿಂದ ಕೂದಲಿನ ಬೆಳೆಯುವ ಕಾಲ ಲಂಬಿಸುತ್ತದೆ, ಉದುರಬೇಕಾದದ್ದು ಉದುರದೆ ನಿಲ್ಲುತ್ತದೆ. ಹೆರಿಗೆಯಾಗಿ ಹಾರ್ಮೋನು ಇಳಿದೊಡನೆ ಹಾಗೆ ನಿಂತಿದ್ದ ಕೂದಲೆಲ್ಲ ಒಟ್ಟಿಗೆ ಸುಮ್ಮನಿರುವ ಹಂತಕ್ಕೆ ಹೋಗಿ, ಎರಡರಿಂದ ನಾಲ್ಕು ತಿಂಗಳ ಬಳಿಕ ಒಟ್ಟಿಗೆ ಕಳಚಿಕೊಳ್ಳುತ್ತದೆ.

ಈ ಏರಿಳಿತದ ನಡುವಿನ ವರ್ಷದಲ್ಲಿ ಬಸುರಿಯ ತಲೆಗೆ ಎಣ್ಣೆಗಿಂತ ಹೆಚ್ಚು ಸುರಿಯುವುದು ಸಲಹೆ. ಕೂದಲು ಕತ್ತರಿಸಬೇಡ ಎನ್ನುತ್ತಾರೆ ಅತ್ತೆ. ಡೈ ಹಚ್ಚಿದರೆ ಮಗುವಿಗೆ ತೊಂದರೆ ಎನ್ನುತ್ತಾರೆ ಪಕ್ಕದ ಮನೆಯವರು. ಇದು ಹರ್ಬಲ್, ಏನೂ ಆಗುವುದಿಲ್ಲ ಎನ್ನುತ್ತಾರೆ ಪಾರ್ಲರಿನವರು. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಕೂದಲಿನ ಮಾತ್ರೆಯ ಪಟ್ಟಿಯೊಂದು ಕೈಗೆ ಬರುತ್ತದೆ. ಇವನ್ನೆಲ್ಲ ಒಂದೆಡೆ ಇಟ್ಟು, ವೈದ್ಯವಿಜ್ಞಾನ ತಿಳಿದಿರುವುದನ್ನು ಪಕ್ಕದಲ್ಲಿ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ನಮ್ಮ ಮನೆಗಳಲ್ಲಿ ಹೆದರಿಕೆ ಇರುವ ಕಡೆ ಅಪಾಯ ಕಡಿಮೆ. ಅಪಾಯ ಇರುವ ಕಡೆ ಹೆದರಿಕೆಯೇ ಇಲ್ಲ. ಕತ್ತರಿ ಮುಟ್ಟಲು ಅಂಜುವ ಮನೆಯ ಬಚ್ಚಲಿನಲ್ಲೇ ಕಿಟಕಿ ಮುಚ್ಚಿಕೊಂಡು ಗ್ಯಾಸ್ ಗೀಸರ್ ಉರಿಯುತ್ತಿರುತ್ತದೆ.

ಕತ್ತರಿಯ ವಿಷಯ ಬೇಗ ಮುಗಿಯುತ್ತದೆ. ಬಸುರಿ ಕೂದಲು ಕತ್ತರಿಸಿಕೊಂಡರೆ ಮಗುವಿಗಾಗಲಿ ತಾಯಿಗಾಗಲಿ ಏನೂ ಆಗುವುದಿಲ್ಲ. ತಲೆಯ ಚರ್ಮದಿಂದ ಹೊರಗೆ ಬಂದ ಕೂದಲಿನಲ್ಲಿ ಜೀವಂತ ಕೋಶವಿಲ್ಲ, ರಕ್ತವಿಲ್ಲ. ಗರ್ಭಿಣಿಯ ಗಂಡ ಕ್ಷೌರ ಮಾಡಿಸಬಾರದೆಂಬ ಕಟ್ಟಳೆಯನ್ನು ಈಗಲೂ ಪಾಲಿಸುವ ಮನೆಗಳಿವೆ. ಅದು ನಂಬಿಕೆಯ ವಿಷಯ, ಆರೋಗ್ಯದ ವಿಷಯವಲ್ಲ. ತುದಿ ಸೀಳಿದ ಕೂದಲನ್ನು ಎರಡು ಬೆರಳಿನಷ್ಟು ಕತ್ತರಿಸಿದರೆ ಬಾಣಂತನದಲ್ಲಿ ಸಿಕ್ಕು ಬಿಡಿಸುವ ಕೆಲಸವಾದರೂ ಕಡಿಮೆಯಾಗುತ್ತದೆ.

ಬಸುರಿಗೆ ಎದೆ ಉರಿ ಹೆಚ್ಚಿದ್ದರೆ ಮಗುವಿಗೆ ತಲೆತುಂಬ ಕೂದಲು ಎಂಬ ಮಾತಿನ ಕತೆ ಸ್ವಾರಸ್ಯವಾಗಿದೆ. ಇದು ಇಂದಿನ ಮಾತಲ್ಲ. ಏಳನೇ ತಿಂಗಳಲ್ಲಿ ಮಗುವಿಗೆ ಕೂದಲು ಮೂಡುವುದರಿಂದ ತಾಯಿಗೆ ಉರಿ ಬರುತ್ತದೆಂದು ಹೆಂಗಸರು ಹೇಳುವುದನ್ನು ಚರಕ ಸಂಹಿತೆಯೇ ದಾಖಲಿಸುತ್ತದೆ, ಹಾಗಲ್ಲ ಎಂಬ ಆಚಾರ್ಯ ಆತ್ರೇಯನ ನಿರಾಕರಣೆಯನ್ನೂ ಅಲ್ಲೇ ಕೊಡುತ್ತದೆ. 2006ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 64 ಗರ್ಭಿಣಿಯರನ್ನು ಹಿಂಬಾಲಿಸಿ, ಈ ನಂಬಿಕೆಯನ್ನು ಸುಳ್ಳೆಂದು ತೋರಿಸಲು ಹೊರಟರು; ಆದರೆ ಎದೆಯುರಿ ಹೆಚ್ಚಿದ್ದವರ ಮಕ್ಕಳಿಗೆ ಕೂದಲೂ ಹೆಚ್ಚಿದ್ದದ್ದನ್ನು ಕಂಡರು. ಎರಡಕ್ಕೂ ಬಸುರಿನ ಹಾರ್ಮೋನುಗಳೇ ಮೂಲವಿರಬಹುದೆಂಬುದು ಅವರ ಊಹೆ. ಸಣ್ಣ ಅಧ್ಯಯನ, ಕೊನೆಯ ಮಾತಲ್ಲ. ಅಜ್ಜಿಯರ ಗಮನಿಕೆಯನ್ನು ಪೂರ್ತಿ ತಳ್ಳಿಹಾಕುವ ಮೊದಲು ಅಳೆದು ನೋಡಬೇಕೆಂಬುದಕ್ಕೆ ಇದೊಂದು ಒಳ್ಳೆಯ ಉದಾಹರಣೆ.

ಅಜ್ಜಿಯರ ಎಣ್ಣೆಯ ವಿಷಯಕ್ಕೂ ಈ ಮಾತು ಸಲ್ಲುತ್ತದೆ. ಮಲೆನಾಡಿನ ಮನೆಗಳಲ್ಲಿ ಕೊಬ್ಬರಿ ಎಣ್ಣೆಗೆ ಗರಗದ ಸೊಪ್ಪು, ಒಂದೆಲಗ, ಕರಿಬೇವು, ದಾಸವಾಳದ ಹೂ ಹಾಕಿ ಕಾಯಿಸಿಡುತ್ತಾರೆ. 1923ರಲ್ಲಿ ಉತ್ಪಾದನೆ ಶುರುವಾದ ಕಬ್ಬಿಣದ ಕಾರ್ಖಾನೆ ಭದ್ರಾವತಿಗೆ ತಮಿಳು, ತೆಲುಗು, ಮಲಯಾಳಂ ಮನೆಮಾತಿನ ಕುಟುಂಬಗಳನ್ನು ಕರೆತಂದಿತು. ಹಾಗಾಗಿ ಅಲ್ಲಿ ಮಂಗಳವಾರ, ಶುಕ್ರವಾರ ತಲೆಗೆ ಎಣ್ಣೆ ನೀರು ಹಾಕಿಕೊಳ್ಳುವ ತಮಿಳು ಮನೆಗಳೂ ಇವೆ, ಕಾಯಿಸಿದ ಎಣ್ಣೆಯನ್ನು ದಿನವೂ ನೆತ್ತಿಗೆ ಹಚ್ಚಿ ಮೀಯುವ ಮಲಯಾಳಿ ಮನೆಗಳೂ ಇವೆ. ಕೊಬ್ಬರಿ ಎಣ್ಣೆಯ ಗುಣಕ್ಕೆ ಪ್ರಯೋಗದ ಆಧಾರವಿದೆ. 2003ರಲ್ಲಿ ಮುಂಬಯಿಯಿಂದ ಬಂದ ಅಧ್ಯಯನವೊಂದು, ಖನಿಜ ಎಣ್ಣೆ ಮತ್ತು ಸೂರ್ಯಕಾಂತಿ ಎಣ್ಣೆಗೆ ಹೋಲಿಸಿದರೆ ಕೊಬ್ಬರಿ ಎಣ್ಣೆ ಮಾತ್ರ ಕೂದಲಿನಿಂದ ಪ್ರೋಟೀನು ಸೋರಿಹೋಗುವುದನ್ನು ಚೆನ್ನಾಗಿ ತಡೆಯುತ್ತದೆ ಎಂದು ತೋರಿಸಿತು. ಅದರಲ್ಲಿರುವ ಲಾರಿಕ್ ಆಮ್ಲ ಕೂದಲಿನ ಒಳಕ್ಕೆ ಇಳಿಯಬಲ್ಲದು. ಅಧ್ಯಯನ ನಡೆಸಿದವರು ಕೊಬ್ಬರಿ ಎಣ್ಣೆ ತಯಾರಿಸುವ ಕಂಪನಿಯವರು ಎಂಬುದನ್ನೂ ಓದುಗರು ತಿಳಿದಿರಬೇಕು. ಎಣ್ಣೆ ಇರುವ ಕೂದಲನ್ನು ಉಳಿಸುತ್ತದೆ; ಹೊಸ ಕೂದಲನ್ನು ಹುಟ್ಟಿಸುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಬಸುರಿಯರಿಗೆ ಅದರಿಂದ ಅಪಾಯವಂತೂ ಇಲ್ಲ.

ಅಪಾಯ ಇರುವುದು ಎಣ್ಣೆ ಹಚ್ಚಿದ ಮೇಲಿನ ನೀರಿನಲ್ಲಿ, ನೆಲದಲ್ಲಿ, ಗಾಳಿಯಲ್ಲಿ. ಬಸುರಿನ ಮೊದಲ ಮೂರು ತಿಂಗಳಲ್ಲಿ ತಾಯಿಯ ಮೈ ಒಳಗಿನ ಬಿಸಿ 39 ಡಿಗ್ರಿ ಸೆಲ್ಸಿಯಸ್ ದಾಟಿ ಹೆಚ್ಚು ಹೊತ್ತು ನಿಂತರೆ ಮಗುವಿನ ಮೆದುಳು, ಬೆನ್ನುಹುರಿಯ ಬೆಳವಣಿಗೆಗೆ ತೊಂದರೆಯಾಗಬಹುದು. ಚೊಂಬಿನಲ್ಲಿ ಹೊಯ್ದುಕೊಳ್ಳುವ ನೀರಿನಿಂದ ಅಷ್ಟು ಬಿಸಿ ಏರುವುದು ಅಪರೂಪ. ಆದರೆ ಹಂಡೆಯ ಸುಡುಬಿಸಿ ನೀರನ್ನು ತಲೆಯ ಮೇಲೆ ದಬದಬ ಸುರಿಯುವ ಅಭ್ಯಂಜನ ಬಸುರಿಗೆ ತಲೆಸುತ್ತು ತರಿಸುತ್ತದೆ. ಮೊಣಕೈಗೆ ಹಿತವೆನಿಸುವಷ್ಟು ಬಿಸಿ ಸಾಕು. ಎಣ್ಣೆ ಚೆಲ್ಲಿದ ನುಣುಪು ಟೈಲ್ಸಿನ ಮೇಲೆ, ಹೊಟ್ಟೆ ಮುಂದೆ ಬಂದು ತೂಕದ ಹದ ಬದಲಾಗಿರುವ ಹೆಂಗಸು ನಿಂತು ತಲೆ ತೊಳೆಯುವುದು ಅಪಾಯ. ಕೂತು ಮೀಯಲು ಎತ್ತರದ ಮಣೆ ಅಥವಾ ಸ್ಟೂಲು, ಹಿಡಿದುಕೊಳ್ಳಲು ಗೋಡೆಗೊಂದು ಕಂಬಿ, ನೆಲಕ್ಕೊಂದು ರಬ್ಬರ್ ಹಾಸು, ಇವಕ್ಕೆ ಹಣ ಹಾಕುವ ಮನೆಗಳು ಇನ್ನೂ ಕಡಿಮೆ.

ಗ್ಯಾಸ್ ಗೀಸರಿನ ಬಗ್ಗೆ ಮಾತ್ರ ಎಷ್ಟು ಹೇಳಿದರೂ ಕಡಿಮೆ. ಕರ್ನಾಟಕದ ಒಂದಲ್ಲ ಒಂದು ಊರಿನಿಂದ ಪ್ರತಿ ಚಳಿಗಾಲದಲ್ಲಿ ಮುಚ್ಚಿದ ಬಚ್ಚಲಮನೆಯ ಸಾವಿನ ಸುದ್ದಿ ಬರುತ್ತದೆ. ಗಾಳಿ ಸಾಲದ ಕಡೆ ಗ್ಯಾಸ್ ಅರೆಬರೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಆಮ್ಲಜನಕಕ್ಕೆ ಜಾಗವೇ ಇಲ್ಲದಂತೆ ಮಾಡುತ್ತದೆ. ಉದ್ದ ಕೂದಲಿನ ಬಸುರಿ ಎಣ್ಣೆ ಬಿಡುವವರೆಗೆ ಸೀಗೆ ಹಾಕಿ ಉಜ್ಜಿ ತೊಳೆಯಬೇಕಾದ್ದರಿಂದ ಉಳಿದವರಿಗಿಂತ ಹೆಚ್ಚು ಹೊತ್ತು ಬಚ್ಚಲಿನಲ್ಲಿರುತ್ತಾಳೆ. ತಾಯಿ ಚೇತರಿಸಿಕೊಂಡ ಮೇಲೂ ಮಗುವಿನ ರಕ್ತದಿಂದ ಈ ಅನಿಲ ಬಹಳ ನಿಧಾನವಾಗಿ ಹೊರಹೋಗುತ್ತದೆ. ಗೀಸರ್ ಬಚ್ಚಲಿನ ಹೊರಗಿರಬೇಕು. ಅದಾಗದಿದ್ದರೆ ಬಕೆಟ್ ತುಂಬಿಸಿಕೊಂಡು, ಗೀಸರ್ ಆರಿಸಿ, ಕಿಟಕಿ ತೆರೆದು ಗಾಳಿ ಆಡಿದ ಮೇಲಷ್ಟೇ ಬಸುರಿ ಒಳಗೆ ಹೋಗಬೇಕು.

ಬಾಣಂತಿಯ ಕೋಣೆಯಲ್ಲೂ ಇದೇ ಅನಿಲದ ಭಯವಿದೆ. ಶಿವಮೊಗ್ಗದ ಮಳೆಗಾಲದಲ್ಲಿ ತೊಳೆದ ಕೂದಲು ಸಂಜೆಯಾದರೂ ಒಣಗುವುದಿಲ್ಲ. ಅದಕ್ಕೇ ಬುಟ್ಟಿಯ ಕೆಳಗೆ ಕೆಂಡವಿಟ್ಟು ಸಾಂಬ್ರಾಣಿ ಉದುರಿಸಿ, ಮೇಲೆ ಕೂದಲು ಹರಡಿ ಒಣಗಿಸುವ ಪದ್ಧತಿ ಬಂತು. ಬಾಗಿಲು ತೆರೆದ ಜಗಲಿಯಲ್ಲಿ ಐದು ನಿಮಿಷ ಮಾಡಿದರೆ ಪರವಾಗಿಲ್ಲ. ಶೀತ ಗಾಳಿ ತಾಕಬಾರದೆಂದು ಕಿಟಕಿಗೆ ಕಂಬಳಿ ಕಟ್ಟಿ, ತೊಟ್ಟಿಲನ್ನೂ ಒಳಗೇ ಇಟ್ಟುಕೊಂಡು, ಅಗ್ಗಿಷ್ಟಿಕೆ ಉರಿಸುವುದು ಬೇರೆಯೇ ಮಾತು. ಆ ಹೊಗೆ ಹಸುಗೂಸಿನ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಹತ್ತಿಯ ಹಳೆ ಸೀರೆಯ ತುಂಡಿನಲ್ಲಿ ನೀರು ಹೀರಿಸಿ, ಹದ ಬಿಸಿಯಲ್ಲಿ ಹೇರ್ ಡ್ರೈಯರ್ ಹಿಡಿದರೆ ಕೆಲಸ ಮುಗಿಯಿತು. ಒದ್ದೆ ಕೂದಲಿಗೆ ಜಡೆ ಹಾಕಿ ಮಲಗುವುದು ಬೇಡ. ತೇವದಲ್ಲಿ ಬೂಷ್ಟಿನ ವಾಸನೆ, ತುರಿಕೆ, ಹೊಟ್ಟು ಮೂರೂ ಬರುತ್ತವೆ.

ತೊಳೆಯಲು ಏನು ಬಳಸಬೇಕೆಂಬ ಪ್ರಶ್ನೆಗೆ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. ಸೀಗೆ, ಅಂಟುವಾಳ, ಮತ್ತಿಸೊಪ್ಪಿನ ಗೊಂಪು, ದಾಸವಾಳದ ಎಲೆಯ ಲೋಳೆ, ಮಾಮೂಲಿ ಶಾಂಪೂ, ಎಲ್ಲವೂ ಬಸುರಿಯರಿಗೆ ಸರಿಯೇ. ಕಣ್ಣಿಗೆ ಹೋದರೆ ಉರಿಯುತ್ತದೆಂಬ ಎಚ್ಚರ ಸಾಕು. ಮೆಂತ್ಯ ಅರೆದು ತಲೆಗೆ ಹಚ್ಚಿದರೆ ತೊಂದರೆಯಿಲ್ಲ. ಕೂದಲಿಗೆ ಒಳ್ಳೆಯದೆಂದು ದಿನವೂ ಹಿಡಿಗಟ್ಟಲೆ ತಿನ್ನುವುದು ಬಸುರಿನಲ್ಲಿ ಬೇಡ.

ಇನ್ನು ಡೈ. ಪಾರ್ಲರುಗಳಲ್ಲಿ, ವೈದ್ಯರ ಕೋಣೆಯಲ್ಲಿ, ಮನೆಯಲ್ಲಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ಹಲವರಲ್ಲಿ ಮದುವೆ, ಬಸುರು ಎರಡೂ ಮೂವತ್ತರ ಆಚೆಗೆ ಸರಿದಿರುವಾಗ, ನರೆತ ಕೂದಲಿನ ಬಸುರಿ ಈಗ ಅಪರೂಪವಲ್ಲ. ಬಣ್ಣ ಹಚ್ಚಿದರೆ ಗರ್ಭಪಾತವಾಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ತಲೆಯ ಚರ್ಮ ಹೀರುವ ಡೈ ಬಹಳ ಕಡಿಮೆ. ಬಸುರಿನಲ್ಲಿ ಅದರಿಂದ ಹಾನಿಯಾದೀತೆಂಬ ಸಂಭವ ತೀರ ಕಡಿಮೆ ಎಂದೇ ಅಮೆರಿಕದ ಪ್ರಸೂತಿ ತಜ್ಞರ ಸಂಘಟನೆಯೂ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯೂ ಹೇಳುತ್ತವೆ. ಮಗುವಿನ ಅಂಗಾಂಗ ರೂಪುಗೊಳ್ಳುವ ಮೊದಲ 12 ವಾರ ಕಾದರೆ ಮನಸ್ಸಿಗೂ ನೆಮ್ಮದಿ. ಆಮೇಲೂ ಕೈಗವಸು ಹಾಕಿ, ಕಿಟಕಿ ತೆರೆದು, ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಬಿಡದೆ, ತಲೆಯಲ್ಲಿ ಗಾಯವಿಲ್ಲದಾಗ ಮಾತ್ರ ಹಚ್ಚಬೇಕು. ಬುಡಕ್ಕೆ ತಾಕದಂತೆ ಕೂದಲಿಗಷ್ಟೇ ಹಚ್ಚುವ ಹೈಲೈಟ್ಸ್ ಇನ್ನೂ ನಿರಪಾಯ.

ಹಾಗಾದರೆ ಡೈನಲ್ಲಿ ಅಪಾಯವೇ ಇಲ್ಲವೆ? ಇದೆ, ಆದರೆ ಜನ ಹೆದರುವ ಜಾಗದಲ್ಲಲ್ಲ. ಕಪ್ಪು ಬಣ್ಣ ಕೊಡುವ ಬಹುಪಾಲು ಡೈಗಳಲ್ಲಿ ಪ್ಯಾರಾ ಫಿನಿಲಿನ್ ಡೈಅಮೀನ್ ಎಂಬ ರಾಸಾಯನಿಕವಿರುತ್ತದೆ, ಪಿಪಿಡಿ ಎಂದು ಕರೆಯುತ್ತಾರೆ. ಒಗ್ಗದವರಿಗೆ ಇದು ನೆತ್ತಿಯಲ್ಲಿ ನೀರುಗುಳ್ಳೆ ಎಬ್ಬಿಸಿ, ರೆಪ್ಪೆ ಊದಿಸಿ ಕಣ್ಣು ಬಿಡಲಾಗದಂತೆ ಮಾಡುತ್ತದೆ. ವರ್ಷಗಟ್ಟಲೆ ಏನೂ ಆಗದವರಿಗೂ ಒಂದು ದಿನ ಹೀಗಾಗಬಹುದು. ಐರೋಪ್ಯ ಒಕ್ಕೂಟ ತಲೆಗೆ ಹಚ್ಚುವ ಹೊತ್ತಿನ ಮಿಶ್ರಣದಲ್ಲಿ ಇದರ ಪ್ರಮಾಣ ಶೇ 2 ದಾಟಬಾರದೆಂದು ಮಿತಿ ಹಾಕಿದೆ. ಹೊಟ್ಟೆಗೆ ಹೋದರೆ ಇದು ಕಡು ವಿಷ. ಗಂಟಲು ಊದಿ, ಮೂತ್ರಪಿಂಡ ಕೆಟ್ಟು ಆಸ್ಪತ್ರೆ ಸೇರಿದವರ ವರದಿಗಳು ದಕ್ಷಿಣ ಭಾರತದಿಂದ ವೈದ್ಯಕೀಯ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿವೆ. ಮಕ್ಕಳಿರುವ, ಮನಸ್ಸು ಕುಗ್ಗಿದ ಬಾಣಂತಿ ಇರುವ ಮನೆಯಲ್ಲಿ ಡೈ ಬೀಗದೊಳಗೆ ಇರಬೇಕು.

ದುರ್ಗಿಗುಡಿಯ ಫ್ಯಾನ್ಸಿ ಸ್ಟೋರಿನಲ್ಲಾಗಲಿ ಭದ್ರಾವತಿಯ ಬಿ.ಎಚ್. ರಸ್ತೆಯ ಅಂಗಡಿಯಲ್ಲಾಗಲಿ ಡೈ ಪೆಟ್ಟಿಗೆಯೊಂದನ್ನು ಕೊಂಡು ಬೆಳಕಿಗೆ ಹಿಡಿದು ಓದಿ ನೋಡಿ. ಮುಂಭಾಗದಲ್ಲಿ ಹೊಳೆಯುವ ಕೂದಲಿನ ಚೆಲುವೆ, ಹಸಿರು ಎಲೆಗಳ ಚಿತ್ರ. ಹಿಂಭಾಗದ ಮಡಿಕೆಯ ಹತ್ತಿರ, ಇರುವೆ ಸಾಲಿನಂಥ ಅಕ್ಷರದಲ್ಲಿ ಎಚ್ಚರಿಕೆ. ಭಾರತದ ಕಾನೂನಿನಂತೆ ಪಿಪಿಡಿ ಇರುವ ಡೈ ಮೇಲೆ ಚರ್ಮಕ್ಕೆ ಕೆರಳಿಕೆ ಆಗಬಹುದೆಂಬ, ಹುಬ್ಬು ರೆಪ್ಪೆಗೆ ಹಚ್ಚಿದರೆ ಕುರುಡಾಗಬಹುದೆಂಬ ಎಚ್ಚರಿಕೆಯನ್ನು ಇಂಗ್ಲಿಷಿನ ಜೊತೆ ಸ್ಥಳೀಯ ಭಾಷೆಯಲ್ಲೂ ಮುದ್ರಿಸಬೇಕು. ಪರೀಕ್ಷೆಯ ವಿಧಾನವೂ ಒಳಗಿರಬೇಕು: ಕಿವಿಯ ಹಿಂದೆ ಅಥವಾ ಮುಂಗೈ ಒಳಭಾಗದಲ್ಲಿ ಸ್ವಲ್ಪ ಜಾಗ ತೊಳೆದು, ಕಲಸಿದ ಡೈ ಒಂದಿಷ್ಟು ಹಚ್ಚಿ ಒಣಗಲು ಬಿಟ್ಟು, 24 ಗಂಟೆಯ ನಂತರ ನೋಡಬೇಕು. ಕೆಂಪಾಗಿ ತುರಿಸಿದರೆ ಆ ಪೆಟ್ಟಿಗೆ ಕಸಕ್ಕೆ. ಪ್ರತಿ ಸಲ ಹಚ್ಚುವ ಮುನ್ನವೂ ಹೀಗೆ ಮಾಡಬೇಕೆಂದು ನಿಯಮ ಹೇಳುತ್ತದೆ. ಬಸುರಿನಲ್ಲಿ ಚರ್ಮದ ಸ್ವಭಾವ ಬದಲಾಗುವುದರಿಂದ, ಹಿಂದೆ ಒಗ್ಗಿದ್ದೇ ಈಗ ಒಗ್ಗದಿರಬಹುದು.

ಡೈ ಬೇಡ, ಮೆಹಂದಿ ಹಾಕಿಕೊಳ್ಳುತ್ತೇನೆ ಎನ್ನುವವರು ಇನ್ನೊಂದು ಬಲೆಗೆ ಬೀಳುತ್ತಾರೆ. ಹಿತ್ತಿಲ ಗೋರಂಟಿ ಸೊಪ್ಪು ಅರೆದು ಹಚ್ಚಿದರೆ ಬರುವುದು ಕಿತ್ತಳೆ ಮಿಶ್ರಿತ ಕೆಂಪು, ಅದೂ ಎರಡು ಮೂರು ಗಂಟೆ ಬಿಟ್ಟರೆ. ಅದು ಬಸುರಿಯರಿಗೆ ನಿಶ್ಚಿಂತೆಯ ಆಯ್ಕೆ. ಹತ್ತಾರು ರೂಪಾಯಿಯ ಸ್ಯಾಷೆಯಲ್ಲಿ ಸಿಗುವ, ಅರ್ಧ ಗಂಟೆಯಲ್ಲಿ ಕಡುಗಪ್ಪು ಮಾಡುವ ಕಪ್ಪು ಮೆಹಂದಿಯ ಕಥೆ ಬೇರೆ. ಗೋರಂಟಿ ಗಿಡಕ್ಕೆ ಕಪ್ಪು ಬಣ್ಣ ಕೊಡುವ ಶಕ್ತಿಯೇ ಇಲ್ಲ. ಆ ಕಪ್ಪು ಸಾಮಾನ್ಯವಾಗಿ ಅದೇ ಪಿಪಿಡಿಯದು. ಅಮೋನಿಯಾ ಇಲ್ಲ ಎಂದು ಬರೆದಿದ್ದರೂ ಪಿಪಿಡಿ ಇಲ್ಲ ಎಂದಾಗುವುದಿಲ್ಲ. ಮುಂಭಾಗದ ಹರ್ಬಲ್ ಎಂಬ ಮಾತು ನಂಬದೆ ಹಿಂಭಾಗದ ಪಟ್ಟಿ ಓದುವುದೊಂದೇ ದಾರಿ.

ಕೂದಲು ನೇರ ಮಾಡಿಸುವ ಸ್ಮೂದನಿಂಗ್, ಕೆರಟಿನ್ ಚಿಕಿತ್ಸೆಗಳ ಬಗ್ಗೆ ಮಾತ್ರ ಎರಡು ಮಾತಿಲ್ಲ. ಬಸುರಿನಲ್ಲಿ, ಎದೆಹಾಲು ಕೊಡುವ ಕಾಲದಲ್ಲಿ ಬೇಡವೇ ಬೇಡ. ಇವುಗಳಲ್ಲಿ ಹಲವು ಬಿಸಿ ಇಸ್ತ್ರಿ ತಾಕಿದೊಡನೆ ಫಾರ್ಮಾಲ್ಡಿಹೈಡ್ ಬಿಡುತ್ತವೆ. ಕಣ್ಣು ಮೂಗು ಉರಿಸುವ ಆ ಹೊಗೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಕ್ಯಾನ್ಸರ್‌ಕಾರಕವೆಂದು ಪಟ್ಟಿ ಮಾಡಿದೆ. ಅದರ ಬದಲು ಬಂದ ಗ್ಲೈಆಕ್ಸಿಲಿಕ್ ಆಮ್ಲವೂ ಸಾಧುವಲ್ಲ. 2024ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆ ಪ್ರಕಟಿಸಿದ ವರದಿಯಲ್ಲಿ 26 ವರ್ಷದ ಯುವತಿಯೊಬ್ಬಳು 2020, 2021, 2022ರಲ್ಲಿ ಮೂರು ಸಲ ಪಾರ್ಲರಿನಲ್ಲಿ ಕೂದಲು ನೇರ ಮಾಡಿಸಿದಳು, ಮೂರು ಸಲವೂ ಮೂತ್ರಪಿಂಡಕ್ಕೆ ಪೆಟ್ಟು ಬಿತ್ತು. ತಲೆಗೆ ಹಚ್ಚಿದ ಕ್ರೀಮು ಚರ್ಮದ ಮೂಲಕ ಒಳಗೆ ಹೋಗಿ ಮೂತ್ರಪಿಂಡದಲ್ಲಿ ಆಕ್ಸಲೇಟ್ ಹರಳಾಗಿರಬಹುದೆಂಬುದು ವೈದ್ಯರ ತರ್ಕ. 33 ಸಾವಿರಕ್ಕೂ ಹೆಚ್ಚು ಅಮೆರಿಕನ್ ಮಹಿಳೆಯರ 2022ರ ಅಧ್ಯಯನ, ಪದೇ ಪದೇ ನೇರ ಮಾಡಿಸುವವರಲ್ಲಿ ಗರ್ಭಕೋಶದ ಕ್ಯಾನ್ಸರ್ ಹೆಚ್ಚು ಕಂಡಿತು. ಸೀಮಂತದ ಫೋಟೊಗೆ ಒಂದು ದಿನ ಕೂದಲು ನೇರ ಕಾಣಬೇಕಿದ್ದರೆ ಬಿಸಿ ಕಡ್ಡಿ ಸಾಕು, ರಾಸಾಯನಿಕ ಬೇಡ.

ಪಾರ್ಲರಿಗೆ ಹೋಗುವ ಬಸುರಿಯ ಬಗ್ಗೆ ಇಷ್ಟು ಮಾತಾಡುವಾಗ ಪಾರ್ಲರಿನಲ್ಲಿ ದುಡಿಯುವ ಬಸುರಿಯನ್ನು ಮರೆಯುವುದು ಅನ್ಯಾಯ. ವಿನೋಬನಗರದಿಂದ ಹಿಡಿದು ಭದ್ರಾವತಿಯ ನ್ಯೂಟೌನ್, ಪೇಪರ್‌ಟೌನ್‌ವರೆಗೆ ಮನೆಯ ಮುಂದಿನ ಕೋಣೆಯಲ್ಲೇ ನಡೆಯುವ ಸಣ್ಣ ಪಾರ್ಲರುಗಳಿವೆ. ಗಿರಾಕಿ ಮೂರು ತಿಂಗಳಿಗೊಮ್ಮೆ ಉಸಿರಾಡುವುದನ್ನು ಇವರು ದಿನವೂ ಉಸಿರಾಡುತ್ತಾರೆ. ಸೆಖೆಗೆ ಎಸಿ ಹಾಕಿ ಬಾಗಿಲು ಮುಚ್ಚಿದರೆ ಹೊಗೆ ಅಲ್ಲೇ ಸುತ್ತುತ್ತದೆ. 1997ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಅಧ್ಯಯನ ಈ ವೃತ್ತಿಯವರನ್ನು ಎರಡು ಕಾಲಘಟ್ಟಗಳಲ್ಲಿ ನೋಡಿತು. 1986–88ರಲ್ಲಿ ಅವರಲ್ಲಿ ಗರ್ಭಪಾತವೂ ಕಡಿಮೆ ತೂಕದ ಮಕ್ಕಳೂ ಉಳಿದವರಿಗಿಂತ ಹೆಚ್ಚಿದ್ದವು. 1991–93ರ ಹೊತ್ತಿಗೆ ಆ ವ್ಯತ್ಯಾಸ ಕಾಣಲಿಲ್ಲ. ನಡುವೆ ಡೈಗಳಿಂದ ಕೆಲವು ವಿಷವಸ್ತುಗಳು ಹೋಗಿದ್ದವು, ಕೆಲಸದ ವಾತಾವರಣ ಸುಧಾರಿಸಿತ್ತು. ಹೊರಗೆ ಗಾಳಿ ತಳ್ಳುವ ಫ್ಯಾನು, ತೆರೆದ ಕಿಟಕಿ, ಒಮ್ಮೆ ಬಳಸಿ ಬಿಸಾಡುವ ನೈಟ್ರೈಲ್ ಕೈಗವಸು, ಗಂಟೆಗೊಮ್ಮೆ ಕೂರಲು ಕುರ್ಚಿ: ಇಷ್ಟನ್ನು ಕೊಡಲಾರದ ಮಾಲೀಕರು ಬಸುರಿಯಾದ ಕೆಲಸಗಾರ್ತಿಗೆ ಬಣ್ಣದ, ಸ್ಮೂದನಿಂಗಿನ ಕೆಲಸ ಹೇಳಬಾರದು. ಐಬ್ರೊ, ಕಟಿಂಗ್, ಮೊಗ್ಗಿನ ಜಡೆ ಅವಳ ಪಾಲಿಗಿರಲಿ, ಕೂಲಿ ಕಡಿಮೆಯಾಗದಿರಲಿ.

ಹೊಟ್ಟು ಮತ್ತು ಹೇನು ಬಸುರಿಯರನ್ನೂ ಬಿಡುವುದಿಲ್ಲ. ಹೊಟ್ಟಿನ ಹಿಂದಿರುವ ಮಲಸೇಷಿಯಾ ಎಂಬ ಶಿಲೀಂಧ್ರ ಎಣ್ಣೆಯ ಜಿಡ್ಡನ್ನೇ ತಿಂದು ಬದುಕುತ್ತದೆ. ಹೊಟ್ಟು ಇದ್ದವರು ರಾತ್ರಿಯಿಡೀ ಎಣ್ಣೆ ಹಚ್ಚಿ ಮಲಗಿದರೆ ಅದು ಹೆಚ್ಚುತ್ತದೆ. ಕೀಟೊಕೊನಜೋಲ್ ಶಾಂಪೂ ಚರ್ಮದಿಂದ ಒಳಗೆ ಹೋಗುವುದು ಅತ್ಯಲ್ಪ, ವೈದ್ಯರನ್ನು ಕೇಳಿ ಬಳಸಬಹುದು. ನಮ್ಮ ಅನೇಕ ಹೊಟ್ಟಿನ ಶಾಂಪೂಗಳಲ್ಲಿರುವ ಜಿಂಕ್ ಪೈರಿಥಿಯೋನನ್ನು ಐರೋಪ್ಯ ಒಕ್ಕೂಟ 2022ರ ಮಾರ್ಚಿನಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ. ಅದು ಪ್ರಾಣಿಗಳ ಮೇಲಿನ ಪ್ರಯೋಗದ ಆಧಾರದಲ್ಲಿ ಕೈಗೊಂಡ ಮುನ್ನೆಚ್ಚರಿಕೆ, ತೊಳೆದು ಹಾಕಿದ ಶಾಂಪೂವಿನಿಂದ ಮಗುವಿಗೆ ಹಾನಿಯಾಯಿತೆಂಬ ತೀರ್ಮಾನವಲ್ಲ. ಕೋಲ್‌ತಾರ್ ಶಾಂಪೂವನ್ನು ಮೊದಲ ಮೂರು ತಿಂಗಳು ಬಿಡುವುದೇ ಲೇಸು.

ಹೇನಿಗೆ ಒದ್ದೆ ಕೂದಲಿನಲ್ಲಿ ಸಣ್ಣ ಹಲ್ಲಿನ ಬಾಚಣಿಗೆ ಎಳೆದು, ಸೀರು ಸಮೇತ ತೆಗೆಯುವುದು ಮೊದಲ ಚಿಕಿತ್ಸೆ. ಔಷಧವೇ ಬೇಕೆಂದರೆ ಶೇ 1ರ ಪರ್ಮೆಥ್ರಿನ್ ಹತ್ತು ನಿಮಿಷ ಹಚ್ಚಿ ತೊಳೆದು, ವಾರದಿಂದ ಹತ್ತು ದಿನದೊಳಗೆ ಮತ್ತೊಮ್ಮೆ ಹಚ್ಚಬಹುದು. ಲಿಂಡೇನ್ ಇರುವ ಹೇನಿನ ಔಷಧ ಬೇಡ. ಸೀತಾಫಲದ ಬೀಜದ ಪುಡಿ ಹಚ್ಚುವ ಮನೆಮದ್ದು ಕಣ್ಣಿಗೆ ತಾಕಿದರೆ ಕರಿಗುಡ್ಡೆಯ ಮೇಲ್ಪದರವೇ ಸುಲಿದುಹೋಗುತ್ತದೆ. ಕಣ್ಣಿನ ವೈದ್ಯರು ಅಂಥ ಪ್ರಕರಣಗಳನ್ನು ಮತ್ತೆ ಮತ್ತೆ ವರದಿ ಮಾಡಿದ್ದಾರೆ. ತೋಟಕ್ಕೆ ಹೊಡೆಯುವ ಕೀಟನಾಶಕವನ್ನು ತಲೆಗೆ ಹಚ್ಚುವುದಂತೂ ಜೀವಕ್ಕೇ ಸಂಚಕಾರ.

ಮಾತ್ರೆ, ಲೋಷನ್ನುಗಳಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಕೂದಲು ಬೆಳೆಯಲೆಂದು ಹಚ್ಚುವ ಮಿನಾಕ್ಸಿಡಿಲ್ ಬಸುರಿನಲ್ಲಿ, ಹಾಲೂಡಿಸುವಾಗ ನಿಲ್ಲಿಸಬೇಕು. ಗಂಡ ಬೋಳುತಲೆಗೆಂದು ನುಂಗುವ ಫಿನಾಸ್ಟರೈಡ್ ಮಾತ್ರೆ ಮುರಿದಿದ್ದರೆ ಅಥವಾ ಪುಡಿಯಾಗಿದ್ದರೆ ಬಸುರಿ ಕೈಯಿಂದ ಮುಟ್ಟಲೂ ಬಾರದು. ಅದು ಗಂಡುಮಗುವಿನ ಜನನಾಂಗದ ಬೆಳವಣಿಗೆಯನ್ನು ಕೆಡಿಸಬಲ್ಲದು. ಕೂದಲಿನ ವಿಟಮಿನ್ ಎಂದು ಮಾರುವ ಮಾತ್ರೆ, ಗಮ್ಮಿಗಳಲ್ಲಿ ರೆಟಿನಾಲ್ ರೂಪದ ವಿಟಮಿನ್ ಎ ಇದೆಯೇ ನೋಡಬೇಕು. ದಿನಕ್ಕೆ 10,000 ಯೂನಿಟ್ ದಾಟಿದರೆ ಮಗುವಿಗೆ ಹುಟ್ಟುದೋಷದ ಭಯ. ಇಂಥ ಮಾತ್ರೆಗಳಲ್ಲಿರುವ ಬಯೋಟಿನ್ನಿಂದ ಆಗುವ ತೊಂದರೆ ಬೇರೆ ಬಗೆಯದು. ಹೆಚ್ಚಿನ ಪ್ರಮಾಣದ ಬಯೋಟಿನ್ ರಕ್ತ ಪರೀಕ್ಷೆಯನ್ನೇ ದಾರಿ ತಪ್ಪಿಸುತ್ತದೆಂದು ಅಮೆರಿಕದ ಔಷಧ ನಿಯಂತ್ರಕರು 2017ರಲ್ಲಿ ಎಚ್ಚರಿಸಿದರು. ಥೈರಾಯ್ಡ್ ಪರೀಕ್ಷೆಯ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ ತೋರಿಸಬಹುದು. ಬಸುರಿನಲ್ಲಿ ಆ ಪರೀಕ್ಷೆಯ ಮೇಲೆಯೇ ಔಷಧದ ಪ್ರಮಾಣ ನಿಂತಿರುವುದರಿಂದ, ಕೂದಲಿನ ಮಾತ್ರೆ ನುಂಗುತ್ತಿದ್ದರೆ ರಕ್ತ ಕೊಡುವ ಮೊದಲು ವೈದ್ಯರಿಗೆ ಹೇಳಲೇಬೇಕು.

ಹೆರಿಗೆಯ ನಂತರದ ಉದುರುವಿಕೆಗೆ ಮಗುವಿನ ಮೇಲೆ ಆರೋಪ ಹೊರಿಸುವುದು ನಮ್ಮಲ್ಲಿ ಚಾಲ್ತಿಯಲ್ಲಿದೆ. ಕೂಸು ತಾಯಿಯ ಮುಖ ನೋಡಿ ನಗಲು ಶುರುಮಾಡಿದರೆ ತಾಯಿಯ ಕೂದಲು ಉದುರುತ್ತದೆ ಎನ್ನುತ್ತಾರೆ. ಕಾಲದ ಲೆಕ್ಕ ಕರಾರುವಾಕ್ಕಾಗಿದೆ, ಮಗು ನಗುವುದೂ ಎರಡು ಮೂರು ತಿಂಗಳಿಗೇ. ಕಾರಣ ಮಾತ್ರ ಹಾರ್ಮೋನಿನದು. ನಾಲ್ಕನೇ ತಿಂಗಳ ಸುಮಾರಿಗೆ ಹೆಚ್ಚಿ, ಮಗುವಿನ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಸಾಮಾನ್ಯವಾಗಿ ಸರಿಹೋಗುತ್ತದೆ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರ್ ಆಸುಪಾಸು ಬೆಳೆಯುವುದರಿಂದ ಹಣೆಯಂಚಿನ ಗಿಡ್ಡ ಕೂದಲು ಉದ್ದವಾಗಲು ಕಾಯಬೇಕು. ಈ ಕಾಲದಲ್ಲಿ ಎಣ್ಣೆ ಬದಲಿಸಿ, ಶಾಂಪೂ ಬದಲಿಸಿ, ಸಾವಿರಾರು ರೂಪಾಯಿಯ ಸೀರಂ ಹಚ್ಚಿ ಆದದ್ದೇನೂ ಇಲ್ಲ. ಉದುರುವುದು ನಿಂತಾಗ ಕೊನೆಗೆ ಹಚ್ಚಿದ ಸೀಸೆಗೆ ಹೆಸರು ಬರುತ್ತದೆ.

ವರ್ಷವಾದರೂ ನಿಲ್ಲದಿದ್ದರೆ, ಜೊತೆಗೆ ಸುಸ್ತು, ಏದುಸಿರು, ಬಿಳಿಚಿದ ಉಗುರು ಇದ್ದರೆ ರಕ್ತಹೀನತೆಯನ್ನು ನೋಡಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಶೇ 52.2ರಷ್ಟು ಮಂದಿಗೆ, ಕರ್ನಾಟಕದಲ್ಲಿ ಶೇ 45ಕ್ಕೂ ಮೇಲ್ಪಟ್ಟವರಿಗೆ ರಕ್ತಹೀನತೆ ಇತ್ತು. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಾದರೆ ಬಸುರಿಯ ಲೆಕ್ಕದಲ್ಲಿ ಅದು ರಕ್ತಹೀನತೆ. 60 ಮಿಲಿಗ್ರಾಂ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ಬಸುರಿನಲ್ಲಿ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಸರ್ಕಾರವೇ ಉಚಿತವಾಗಿ ಕೊಡುತ್ತದೆ. ಹೆರಿಗೆಯಾದೊಡನೆ ಈ ಮಾತ್ರೆ ನಿಲ್ಲಿಸುವುದು ನಮ್ಮ ಮನೆಗಳ ದೊಡ್ಡ ತಪ್ಪು. ಕಾಫಿ ಟೀ ಜೊತೆ ನುಂಗಿದರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆಯ ಅಂತರವಿರಲಿ. ಬಾಣಂತಿಗೆ ಸೊಪ್ಪು ಶೀತ, ನೀರು ಹೆಚ್ಚು ಕೊಡಬಾರದು ಎಂದು ಮೆಣಸಿನ ಸಾರು ಅನ್ನದಲ್ಲೇ ತಿಂಗಳು ತಳ್ಳುವ ಮನೆಗಳು ಮಲೆನಾಡಿನಲ್ಲಿ ಇನ್ನೂ ಇವೆ. ಅದೇ ಅಜ್ಜಿಯರ ನುಗ್ಗೆಸೊಪ್ಪು, ರಾಗಿ, ಎಳ್ಳು ಬೆಲ್ಲ ಅವಳ ತಟ್ಟೆಗೆ ಬರಲಿ. 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಿಂದ ಬಿಸಿಯೂಟ, ಮೊಟ್ಟೆ, ಹಾಲು, ಚಿಕ್ಕಿ ಬಸುರಿಗೂ ಬಾಣಂತಿಗೂ ಸಲ್ಲಬೇಕು.

ಇನ್ನೊಂದು ಕಾರಣ ಥೈರಾಯ್ಡ್. ಹೆರಿಗೆಯಾದ ಒಂದು ವರ್ಷದೊಳಗೆ ನೂರರಲ್ಲಿ ಸುಮಾರು ಐದು ತಾಯಂದಿರಿಗೆ ಈ ಗ್ರಂಥಿ ಊದಿಕೊಂಡು ಏರುಪೇರಾಗುತ್ತದೆ. ಕೂದಲು ಉದುರುವುದರ ಜೊತೆ ಮೈ ಭಾರ, ಚಳಿ ತಡೆಯದಿರುವುದು, ಕಾರಣವಿಲ್ಲದ ಬೇಸರ ಇದ್ದರೆ ಬಾಣಂತಿಯ ಮನಸ್ಸು ಎಂದು ಬಿಟ್ಟುಬಿಡದೆ ರಕ್ತ ಪರೀಕ್ಷೆ ಮಾಡಿಸಬೇಕು.

ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರ ಉಚಿತ ತಪಾಸಣೆ ಇರುತ್ತದೆ. ಶಿವಮೊಗ್ಗದವರಿಗೆ ಮೆಗ್ಗಾನ್ ಆಸ್ಪತ್ರೆ, ಭದ್ರಾವತಿಯವರಿಗೆ ತಾಲ್ಲೂಕು ಆಸ್ಪತ್ರೆ ಹತ್ತಿರದಲ್ಲೇ ಇವೆ. ಹೋಗುವಾಗ ತಾಯಿ ಕಾರ್ಡಿನ ಜೊತೆ ಮನೆಯಲ್ಲಿರುವ ಡೈ ಪೆಟ್ಟಿಗೆ, ಮೆಹಂದಿ ಸ್ಯಾಷೆ, ಕೂದಲಿನ ಮಾತ್ರೆಯ ಪಟ್ಟಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ, ಮೇಜಿನ ಮೇಲಿಟ್ಟು ಕೇಳಿ. ಹಿಂದಿರುಗಿದ ಮೇಲೆ, ಮನೆಯ ಗಂಡಸರು ಒಮ್ಮೆ ಬಚ್ಚಲಿನ ಕಿಟಕಿ ಮತ್ತು ಗೀಸರ್ ಇರುವ ಜಾಗವನ್ನು ನೋಡಲಿ.